ಅಂಡೋರಾಕ್ಕೆ ಹೋಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಯೂರೋಪಿನ ಪುಟ್ಟ ದೇಶ ಅಂಡೋರಾದಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯಕ್ಕೂ ಅದು ಸೇರಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸ ಕೆಡುವುದು ಹೆಚ್ಚಾಗಿ ಎರಡು ಕಡೆ: ವೀಸಾದಲ್ಲಿ ಎಷ್ಟು ಪ್ರವೇಶಕ್ಕೆ ಅನುಮತಿ ಇದೆ ಎಂದು ನೋಡದೆ ಹೊರಟಾಗ, ಮತ್ತು ವಿಮಾನಕ್ಕೂ ಬಸ್ಸಿಗೂ ನಡುವೆ ಸಾಕಷ್ಟು ಸಮಯ ಬಿಡದಿದ್ದಾಗ. ಬೆಂಗಳೂರಿನಿಂದ ಹೊರಡುವವರು, ಯೂರೋಪಿನಲ್ಲೇ ಓದುತ್ತಿರುವ ಅಥವಾ ಕೆಲಸದಲ್ಲಿರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ.

## ಮೊದಲ ಪಾಠ

ಅಂಡೋರಾ ಎಲ್ಲಿದೆ? ಅಲ್ಲಿಗೆ ದಾರಿ ಎಷ್ಟಿವೆ?

ಪಿರೇನೀಸ್ ಪರ್ವತಗಳ ಒಳಗೆ, ಸ್ಪೇನ್ ಮತ್ತು ಫ್ರಾನ್ಸ್ ನಡುವೆ. ವಿಸ್ತೀರ್ಣ 468 ಚದರ ಕಿ.ಮೀ., ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು. ರಾಜಧಾನಿ ಅಂಡೋರಾ ಲಾ ವೆಲ್ಲಾ. ಆಡಳಿತ ಭಾಷೆ ಕತಲಾನ್, ಹಣ ಯೂರೋ.

ವರ್ಷವಿಡೀ ಬಳಸಬಹುದಾದ ಡಾಂಬರು ದಾರಿ ಎರಡೇ. ದಕ್ಷಿಣದಲ್ಲಿ ಸ್ಪೇನಿನ ಲಾ ಸೆಯು ದುರ್ಜೆಲ್ ಊರಿನಿಂದ ಎನ್-145 ರಸ್ತೆ ಬರುತ್ತದೆ. ಗಡಿ ದಾಟಿದರೆ ಸಂತ್ ಜುಲಿಯಾ ದೆ ಲೋರಿಯಾ. ಈಶಾನ್ಯದಲ್ಲಿ ಫ್ರಾನ್ಸಿನಿಂದ ಎನ್-20, ಆಮೇಲೆ ಎನ್-22 ಹಿಡಿದು ಬಂದರೆ ಪಾಸ್ ದೆ ಲಾ ಕಾಸಾ. ಈ ಎರಡರಲ್ಲಿ ಒಂದು ಮುಚ್ಚಿದರೆ ಇಡೀ ದೇಶದ ಸಂಚಾರ ಇನ್ನೊಂದರ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿದಾಗ ಚಾರ್ಮಾಡಿಯ ಗತಿ ಏನಾಗುತ್ತದೆ ಎಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತಿರದ ವಿಮಾನ ನಿಲ್ದಾಣ ಯಾವುದು? ಸ್ಪೇನಿನ ಬಾರ್ಸಿಲೋನಾನಾ, ಫ್ರಾನ್ಸಿನ ಟುಲೂಸಾ?

ಭಾರತದಿಂದ ಬರುವವರಿಗೆ ಬಾರ್ಸಿಲೋನಾವೇ ಸರಿ. ಎರಡೂ ನಗರ ಅಂಡೋರಾದಿಂದ ಸುಮಾರು 200 ಕಿ.ಮೀ. ಆಸುಪಾಸಿನಲ್ಲೇ ಇವೆ, ಬಸ್ಸಿನಲ್ಲಿ ಎರಡರಿಂದಲೂ ಮೂರರಿಂದ ಮೂರೂವರೆ ಗಂಟೆ. ಆದರೆ ಬಾರ್ಸಿಲೋನಾದಿಂದ ಬಸ್ಸುಗಳ ಸಂಖ್ಯೆ ಹೆಚ್ಚು, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ, ದಾರಿ ಎತ್ತರದ ಘಾಟಿ ಹತ್ತದೆ ನದಿಯ ಜೊತೆಗೇ ಸಾಗುತ್ತದೆ. ಟುಲೂಸಿನ ದಾರಿ 2,000 ಮೀಟರಿಗಿಂತ ಮೇಲೆ ಹೋಗುವುದರಿಂದ ಚಳಿಗಾಲದಲ್ಲಿ ನಂಬುವಂತಿಲ್ಲ.

ಫ್ರಾನ್ಸಿನಲ್ಲಿ ಹೇಗೂ ಕೆಲವು ದಿನ ಇರುವವರಿಗೆ, ಟುಲೂಸ್‌ನಲ್ಲೇ ಓದುತ್ತಿರುವವರಿಗೆ ಆ ದಾರಿ ಅನುಕೂಲ. ಜಿರೋನಾ ಮತ್ತು ರೆಯುಸ್ ನಿಲ್ದಾಣಗಳಿಗೆ ಅಗ್ಗದ ವಿಮಾನ ಸಿಗುತ್ತದೆ ನಿಜ, ಆದರೆ ಅಲ್ಲಿಂದ ಅಂಡೋರಾಕ್ಕೆ ಬಸ್ ಸಂಪರ್ಕ ತೀರಾ ಕಡಿಮೆ. ಟಿಕೆಟ್ಟಿನಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ.

ಗೂಗಲ್‌ನಲ್ಲಿ "ಅಂಡೋರಾ–ಲಾ ಸೆಯು ವಿಮಾನ ನಿಲ್ದಾಣ" ಎಂದು ತೋರಿಸುತ್ತದಲ್ಲ?

ಅದು ಸ್ಪೇನಿನ ನೆಲದಲ್ಲಿದೆ, ಗಡಿಯಿಂದ ಸುಮಾರು 12 ಕಿ.ಮೀ. ಈಚೆಗೆ. 2021ರ ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್‌ನಿಂದ ಏರ್ ನೋಸ್ತ್ರುಮ್ ಕಂಪನಿಯ ಸಣ್ಣ ಎಟಿಆರ್ ವಿಮಾನಗಳು ಅಲ್ಲಿಗೆ ಹಾರತೊಡಗಿದವು. ಸುತ್ತಲೂ ಬೆಟ್ಟಗಳಿರುವ ಪುಟ್ಟ ರನ್‌ವೇ. ಮೋಡ ಕವಿದರೆ ವಿಮಾನ ರದ್ದಾಗುವುದು ಅಥವಾ ಬೇರೆಡೆ ಇಳಿಯುವುದು ಇದ್ದದ್ದೇ. ಮ್ಯಾಡ್ರಿಡ್‌ನಲ್ಲಿ ಇರುವವರು ವಾರಾಂತ್ಯಕ್ಕೆ ಯೋಚಿಸಬಹುದು. ಬೆಂಗಳೂರಿನಿಂದ ಬರುವವರು ಇದನ್ನು ನೆಚ್ಚಿ ಯೋಜನೆ ಹಾಕಬೇಡಿ.

ರೈಲಿನಲ್ಲೇ ಹೋಗಬೇಕು ಅಂತ ಆಸೆ. ಸಾಧ್ಯವೇ ಇಲ್ಲವೇ?

ಗಡಿಯ ಹತ್ತಿರದವರೆಗೆ ಸಾಧ್ಯ. ಮೂರು ದಾರಿ ಇವೆ.

ಫ್ರಾನ್ಸಿನ ಕಡೆಯಿಂದ: ಟುಲೂಸ್ ಮಟಾಬಿಯೋ ನಿಲ್ದಾಣದಿಂದ ಲಾತೂರ್-ದ-ಕರೋಲ್ ಕಡೆಗೆ ಹೋಗುವ ರೈಲು ಹತ್ತಿ, ಸುಮಾರು ಎರಡೂವರೆ ಗಂಟೆಯ ಮೇಲೆ ಲೋಸ್ಪಿತಾಲೆ ನಿಲ್ದಾಣದಲ್ಲಿ ಇಳಿಯಬೇಕು. ವೇಳಾಪಟ್ಟಿಯಲ್ಲಿ ಇದು "ಅಂದೋರ್–ಲೋಸ್ಪಿತಾಲೆ" ಎಂದಿರುತ್ತದೆ. ಅಲ್ಲಿಂದ ಅಂಡೋರಾಕ್ಕೆ ದಿನಕ್ಕೆ ಬೆರಳೆಣಿಕೆಯ ಬಸ್ಸು ಮಾತ್ರ. ಮೊದಲು ಬಸ್ಸಿನ ವೇಳೆ ನೋಡಿ, ಅದಕ್ಕೆ ಹೊಂದುವ ರೈಲು ಆರಿಸಿ. ಇದನ್ನು ಉಲ್ಟಾ ಮಾಡಿದವರು ಮಂಜು ಬೀಳುವ ಪುಟ್ಟ ಹಳ್ಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಪ್ಯಾರಿಸ್ ಓಸ್ಟರ್‌ಲಿಟ್ಸ್‌ನಿಂದ ಬರುವ ರಾತ್ರಿ ರೈಲೂ ಇದೇ ಹಳಿಯ ಮೇಲೆ ಓಡುತ್ತದೆ. ಹಳಿ ಕಾಮಗಾರಿಗಾಗಿ ಅದನ್ನು ಆಗಾಗ ನಿಲ್ಲಿಸುವುದರಿಂದ ಹೊರಡುವ ವಾರದಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.

ಮ್ಯಾಡ್ರಿಡ್ ಕಡೆಯಿಂದ: ಅತಿವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಗೆ ಯೇಯ್ದಾ ನಗರ, ಅಲ್ಲಿಂದ ಎರಡೂವರೆ–ಮೂರು ಗಂಟೆ ಬಸ್ಸು. ಬಾರ್ಸಿಲೋನಾಕ್ಕೆ ಹೋಗಿ ವಾಪಸ್ ಬರುವುದಕ್ಕಿಂತ ಇದು ಲೇಸು.

ಬಾರ್ಸಿಲೋನಾದಿಂದ ಆರ್-3 ಲೋಕಲ್ ರೈಲು ಪುಚ್ಚೆರ್ದಾ ಊರಿಗೆ, ಮುಂದೆ ಲಾತೂರ್-ದ-ಕರೋಲ್‌ಗೆ ಹೋಗುತ್ತದೆ. ಮೂರು ಗಂಟೆಗೂ ಮಿಕ್ಕಿದ ನಿಧಾನದ ಪಯಣ, ಮೇಲೆ ಇನ್ನೂ ಬಸ್ಸು ಬದಲಿಸಬೇಕು. ಹಾಗಿದ್ದೂ ರೈಲಿನ ಹುಚ್ಚಿರುವವರು ಲಾತೂರ್-ದ-ಕರೋಲ್ ನಿಲ್ದಾಣವನ್ನು ನೋಡಲೇಬೇಕು: ಸ್ಪೇನಿನ 1,668 ಮಿ.ಮೀ., ಫ್ರಾನ್ಸಿನ 1,435 ಮಿ.ಮೀ., 'ಹಳದಿ ರೈಲು' ಎಂಬ ಬೆಟ್ಟದ ರೈಲಿನ 1,000 ಮಿ.ಮೀ. ಹೀಗೆ ಮೂರು ಅಳತೆಯ ಹಳಿಗಳು ಒಂದೇ ನಿಲ್ದಾಣಕ್ಕೆ ಬಂದು ಸೇರುತ್ತವೆ.

ಬಾರ್ಸಿಲೋನಾದಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾ?

ಬರಬಹುದು, ಆದರೆ ಆರೂವರೆ ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಕೈಗೆ ಸಿಗುವ ನಾಲ್ಕೈದು ಗಂಟೆಯಲ್ಲಿ ರಾಜಧಾನಿಯ ಅಂಗಡಿಬೀದಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಈ ದೇಶದ ಚೆಲುವು ಇರುವುದು ಮೇಲಿನ ಕಣಿವೆಗಳಲ್ಲಿ. ಕಡಿಮೆಯೆಂದರೆ ಎರಡು ರಾತ್ರಿ ಇಟ್ಟುಕೊಳ್ಳಿ.

## ವೀಸಾ ಮತ್ತು ಗಡಿ

ಅಂಡೋರಾಕ್ಕೆ ಬೇರೆ ವೀಸಾ ಬೇಕಾ?

ಬೇಡ. 90 ದಿನಗಳವರೆಗಿನ ಪ್ರವಾಸಕ್ಕೆ ಅಂಡೋರಾ ಯಾರಿಂದಲೂ ವೀಸಾ ಕೇಳುವುದಿಲ್ಲ. ಆದರೆ ಅಲ್ಲಿಗೆ ಹೋಗಲು ಸ್ಪೇನ್ ಅಥವಾ ಫ್ರಾನ್ಸ್ ದಾಟಬೇಕು, ವಾಪಸ್ ಬರಲೂ ದಾಟಬೇಕು. ಹಾಗಾಗಿ ಬೇಕಾದದ್ದು ಒಂದಕ್ಕಿಂತ ಹೆಚ್ಚು ಪ್ರವೇಶವಿರುವ ಷೆಂಗೆನ್ ವೀಸಾ. ಬಾರ್ಸಿಲೋನಾದಲ್ಲಿ ಇಳಿದಾಗ ಒಂದು ಪ್ರವೇಶ ಮುಗಿಯಿತು. ಅಂಡೋರಾಕ್ಕೆ ಕಾಲಿಟ್ಟಾಗ ಷೆಂಗೆನ್‌ನಿಂದ ಹೊರಬಿದ್ದಿರಿ. ಮರಳಿ ಸ್ಪೇನಿಗೆ ಬರುವುದು ಎರಡನೇ ಪ್ರವೇಶ.

ವೀಸಾ ಚೀಟಿಯಲ್ಲಿ ಪ್ರವೇಶದ ಸಂಖ್ಯೆ ಬರೆದಿರುವ ಜಾಗ ನೋಡಿ. "01" ಇದ್ದರೆ ಅಂಡೋರಾ ಬಿಟ್ಟುಬಿಡಿ. "02" ಇದ್ದರೆ ಒಮ್ಮೆ ಹೋಗಿಬರಬಹುದು. ಬಹು ಪ್ರವೇಶ ಎಂಬರ್ಥದ "ಮಲ್ಟ್" ಎಂದಿದ್ದರೆ ಚಿಂತೆಯಿಲ್ಲ.

ಒಂದೇ ಪ್ರವೇಶದ ವೀಸಾ ಇದೆ. ಗಡಿಯಲ್ಲಿ ಯಾರೂ ನೋಡುವುದೇ ಇಲ್ಲ ಅಂತಾರೆ. ಹೋಗಲಾ?

ಹೋಗಬೇಡಿ. ಹೋಗುವಾಗ ಬಸ್ಸು ನಿಲ್ಲದೆಯೇ ಗಡಿ ದಾಟುವ ದಿನಗಳು ಬಹಳ, ಅದು ನಿಜ. ಸಮಸ್ಯೆ ಬರುವಾಗಿನದು. ಅಂಡೋರಾದಲ್ಲಿ ತೆರಿಗೆ ಕಡಿಮೆ ಇರುವುದರಿಂದ ಸ್ಪೇನ್, ಫ್ರಾನ್ಸ್ ಎರಡೂ ಹೊರಬರುವ ವಾಹನಗಳನ್ನು ಸಿಗರೇಟು, ಮದ್ಯಕ್ಕಾಗಿ ತಡೆಯುತ್ತವೆ. ಪೊಲೀಸರು ಬಸ್ಸು ಹತ್ತಿದಾಗ ಪಾಸ್‌ಪೋರ್ಟನ್ನೂ ಕೇಳುವುದುಂಟು. ಆಗ ನಿಮ್ಮ ವೀಸಾದ ಒಂದು ಪ್ರವೇಶ ಆಗಲೇ ಬಳಕೆಯಾಗಿದೆ ಎಂದು ಗೊತ್ತಾದರೆ, ಕಾನೂನಿನ ಪ್ರಕಾರ ಒಳಗೆ ಬಿಡಬೇಕಾದ ಹೊಣೆ ಅವರಿಗಿಲ್ಲ. ಅಂಡೋರಾದಿಂದ ನೇರ ಭಾರತಕ್ಕೆ ಹಾರಲು ವಿಮಾನವೂ ಇಲ್ಲ. ಮುಂದಿನ ವೀಸಾ ಅರ್ಜಿಗೂ ಇದು ಕಪ್ಪುಚುಕ್ಕೆ.

ಪಿರೇನೀಸ್ ನೋಡಲೇಬೇಕೆಂದರೆ ಲಾ ಸೆಯು ದುರ್ಜೆಲ್‌ವರೆಗೆ ಹೋಗಿ ಅಲ್ಲೇ ಉಳಿಯಿರಿ. 12ನೇ ಶತಮಾನದ ಕೆಥೀಡ್ರಲ್ ಇರುವ ಸೊಗಸಾದ ಊರು, ಅದೇ ಬೆಟ್ಟಗಳು, ಷೆಂಗೆನ್ ಒಳಗೇ.

ಎರಡು ಪ್ರವೇಶದ ವೀಸಾ ಕೇಳುವುದು ಹೇಗೆ?

ಅರ್ಜಿಯಲ್ಲಿ ಎಷ್ಟು ಪ್ರವೇಶ ಬೇಕೆಂಬ ಕಾಲಂ ಇರುತ್ತದೆ. ಹೆಚ್ಚಿನವರು ಅಭ್ಯಾಸಬಲದಿಂದ ಒಂದು ಎಂದು ಗುರುತು ಹಾಕಿಬಿಡುತ್ತಾರೆ. ಅಲ್ಲಿ ಎರಡು ಅಥವಾ ಬಹು ಪ್ರವೇಶ ಎಂದು ಹಾಕಿ. ಜೊತೆಯ ಪತ್ರದಲ್ಲಿ ಎರಡೇ ಸಾಲು ಸಾಕು: ಇಂಥ ದಿನ ಸ್ಪೇನಿನಿಂದ ಅಂಡೋರಾಕ್ಕೆ ಹೋಗುತ್ತೇನೆ, ಇಂಥ ದಿನ ಮರಳುತ್ತೇನೆ, ಆದ್ದರಿಂದ ಎರಡು ಪ್ರವೇಶ ಬೇಕು. ದಿನವಾರು ಯೋಜನೆಯಲ್ಲಿ ಅದೇ ದಿನಾಂಕಗಳು ಬರಲಿ, ಅಂಡೋರಾದ ಹೋಟೆಲ್ ಬುಕಿಂಗ್ ಸೇರಿಸಿ. ಹೋಟೆಲ್ ತೋರಿಸದೆ ಬರೀ ಪತ್ರ ಬರೆದರೆ ಒಂದೇ ಪ್ರವೇಶ ಸಿಗುವ ಸಾಧ್ಯತೆ ಹೆಚ್ಚು.

ಅರ್ಜಿ ಯಾವ ದೇಶಕ್ಕೆ ಎಂಬುದನ್ನು ಷೆಂಗೆನ್ ಒಳಗಿನ ರಾತ್ರಿಗಳನ್ನು ಎಣಿಸಿ ತೀರ್ಮಾನಿಸಿ. ಅಂಡೋರಾದ ರಾತ್ರಿಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಸ್ಪೇನಿನಲ್ಲಿ ನಾಲ್ಕು, ಫ್ರಾನ್ಸಿನಲ್ಲಿ ಎರಡು, ಅಂಡೋರಾದಲ್ಲಿ ಐದು ರಾತ್ರಿಯಾದರೆ ಅರ್ಜಿ ಸ್ಪೇನಿಗೆ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು; ಬೇಸಿಗೆ ರಜೆಗೆ ಹೊರಡುವವರು ಫೆಬ್ರುವರಿ ದಾಟಿಸಬೇಡಿ.

2024ರ ಏಪ್ರಿಲ್‌ನಲ್ಲಿ ಯೂರೋಪಿಯನ್ ಒಕ್ಕೂಟ ಭಾರತೀಯರಿಗಾಗಿ ಒಂದು ನಿಯಮ ಸಡಿಲಿಸಿತು: ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಬಹು ಪ್ರವೇಶದ ವೀಸಾ ಕೊಡಬಹುದು. ಹಳೇ ವೀಸಾಗಳ ಪ್ರತಿಗಳನ್ನು ಅರ್ಜಿಗೆ ತಪ್ಪದೆ ಲಗತ್ತಿಸಿ.

ನಾನು ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ. ನನಗೂ ಇದೇ ತೊಂದರೆಯೇ?

ಇಲ್ಲ. ಷೆಂಗೆನ್ ದೇಶವೊಂದರ ನಿವಾಸ ಪರವಾನಗಿ ಕಾರ್ಡ್ ಚಾಲ್ತಿಯಲ್ಲಿದ್ದರೆ ಅಂಡೋರಾಕ್ಕೆ ಹೋಗಿ ಮರಳಬಹುದು. ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡರ ಅಸಲೂ ಜೊತೆಗಿರಲಿ, ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ಕಾರ್ಡ್ ನವೀಕರಣಕ್ಕೆ ಹೋಗಿ ಕೈಯಲ್ಲಿ ಬರೀ ತಾತ್ಕಾಲಿಕ ಕಾಗದವಿದ್ದರೆ, ಅದರಿಂದ ಮರುಪ್ರವೇಶ ಸಾಧ್ಯವೇ ಎಂದು ನಿಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ ಕೇಳಿಯೇ ಹೊರಡಿ. ಬ್ರಿಟನ್ನಿನಲ್ಲಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ಈ ಸೌಲಭ್ಯವಿಲ್ಲ, ಅವರೂ ಎರಡು ಪ್ರವೇಶದ ವೀಸಾ ಪಡೆಯಬೇಕು.

ಅಂಡೋರಾದಲ್ಲಿ ಇದ್ದ ದಿನ ಷೆಂಗೆನ್‌ನಲ್ಲಿ ಇರಬಹುದಾದ 90 ದಿನಗಳ ಮಿತಿಯಲ್ಲಿ ಕಳೆಯುತ್ತಾ?

ನಿಯಮದಂತೆ ಕಳೆಯುವುದಿಲ್ಲ. ಆದರೆ ಗಡಿಯಲ್ಲಿ ದಾಖಲಾಗದಿದ್ದರೆ ನೀವು ಹೊರಗಿದ್ದಿರಿ ಎಂಬುದಕ್ಕೆ ಸಾಕ್ಷಿ ಯಾವುದು? 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಬೆರಳಚ್ಚು, ಮುಖಚಿತ್ರದ ಕಂಪ್ಯೂಟರ್ ದಾಖಲೆ ಹಂತಹಂತವಾಗಿ ಬಂದಿದೆ. ದಿನ ಎಣಿಸುವುದು ಈಗ ಯಂತ್ರ. ವೀಸಾದಲ್ಲಿ ಬರೆದಿರುವ ದಿನಗಳ ಒಳಗೇ ಅಂಡೋರಾದ ದಿನಗಳನ್ನೂ ಸೇರಿಸಿ ಪ್ರವಾಸ ಮುಗಿಸಿ. ಅಂಡೋರಾದ ಹೋಟೆಲ್ ರಸೀದಿ, ಬಸ್ ಟಿಕೆಟ್ ಎಸೆಯಬೇಡಿ.

ವಿಮೆ?

ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಅದು ಎಲ್ಲರಿಗೂ ಗೊತ್ತು. ಪಾಲಿಸಿಯಲ್ಲಿ ವ್ಯಾಪ್ತಿ "ಷೆಂಗೆನ್ ದೇಶಗಳು" ಎಂದಷ್ಟೇ ಇದ್ದರೆ ಅಂಡೋರಾ ಅದರಿಂದ ಹೊರಗೆ ಉಳಿಯುತ್ತದೆ. "ಯೂರೋಪ್" ಅಥವಾ "ವಿಶ್ವವ್ಯಾಪಿ" ಎಂದಿರುವುದನ್ನು ಕೊಳ್ಳಿ. ಸ್ಕೀಯಿಂಗ್ ಮಾಡುವವರಿಗೆ ಸಾಹಸಕ್ರೀಡೆಯ ಹೆಚ್ಚುವರಿ ರಕ್ಷಣೆ ಬೇಕು.

## ಬೆಂಗಳೂರಿನಿಂದ ಬಸ್ ನಿಲ್ದಾಣದವರೆಗೆ

ಬೆಂಗಳೂರಿನಿಂದ ಯಾವ ವಿಮಾನ ಒಳ್ಳೆಯದು?

ಬಾರ್ಸಿಲೋನಾಕ್ಕೆ ನೇರ ವಿಮಾನವಿಲ್ಲ, ಒಂದು ಕಡೆ ಬದಲಿಸಲೇಬೇಕು. ದುಬೈ, ದೋಹಾ, ಅಬುಧಾಬಿ ಒಂದು ಗುಂಪು. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ ಇನ್ನೊಂದು ಗುಂಪು. ಬಸ್ಸಿನ ದೃಷ್ಟಿಯಿಂದ ಇವುಗಳ ನಡುವೆ ದೊಡ್ಡ ವ್ಯತ್ಯಾಸವಿದೆ.

ಕೊಲ್ಲಿಯ ಮೂಲಕ ಬಂದರೆ ಪಾಸ್‌ಪೋರ್ಟ್ ತಪಾಸಣೆ ಬಾರ್ಸಿಲೋನಾದಲ್ಲೇ. ಸಾಲು ಉದ್ದವಿದ್ದರೆ ಒಂದೂವರೆ ಗಂಟೆ ಹಿಡಿಯಬಹುದು. ವಿಮಾನ ಇಳಿಯುವ ಸಮಯಕ್ಕೆ ಎರಡೂವರೆ ಗಂಟೆ ಸೇರಿಸಿ ಆಮೇಲಿನ ಬಸ್ಸಿಗೆ ಟಿಕೆಟ್ ಮಾಡಿ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಬಂದರೆ ತಪಾಸಣೆ ಅಲ್ಲೇ ಮುಗಿದಿರುತ್ತದೆ, ಬಾರ್ಸಿಲೋನಾದಲ್ಲಿ ಸಾಮಾನು ಎತ್ತಿಕೊಂಡು ಹೊರಬರುವುದಷ್ಟೇ ಕೆಲಸ. ಒಂದೂವರೆ ಗಂಟೆ ಸಾಕು. ಆದರೆ ಆ ನಿಲ್ದಾಣಗಳಲ್ಲಿ ವಿಮಾನ ಬದಲಿಸಲು ಕಡಿಮೆಯೆಂದರೆ ಎರಡು ಗಂಟೆ ಇರಲಿ.

ತಡರಾತ್ರಿ ಇಳಿಯುವ ವಿಮಾನ ಬೇಡ. ಕೊನೆಯ ಬಸ್ಸು ಹೋದಮೇಲೆ ಉಳಿಯುವುದು ಟ್ಯಾಕ್ಸಿ ಅಥವಾ ನಿಲ್ದಾಣದ ಹತ್ತಿರದ ಹೋಟೆಲ್.

ಬಸ್ಸು ಯಾವುದು, ಎಲ್ಲಿ ಹತ್ತಬೇಕು?

ಬಾರ್ಸಿಲೋನಾ ವಿಮಾನ ನಿಲ್ದಾಣದಿಂದಲೇ ನೇರ ಬಸ್ಸುಗಳಿವೆ. ಡೈರೆಕ್ಟ್‌ಬಸ್ ಮತ್ತು ಅಂಡ್‌ಬಸ್ ಈ ದಾರಿಯ ಮುಖ್ಯ ಹೆಸರುಗಳು. ನಗರದೊಳಗಿಂದ ಹೊರಡುವವರಿಗೆ ನೋರ್ಡ್ ಬಸ್ ನಿಲ್ದಾಣದಿಂದ ಆಲ್ಸಾ ಬಸ್ಸು ಇದೆ. ಟುಲೂಸ್‌ನ ವಿಮಾನ ನಿಲ್ದಾಣ ಮತ್ತು ಊರಿನ ಬಸ್ ನಿಲ್ದಾಣದಿಂದ ಅಂಡ್‌ಬಸ್ ಓಡುತ್ತದೆ. ಬಾರ್ಸಿಲೋನಾದಿಂದ ಒಂದು ಬದಿಯ ದರ ಸುಮಾರು 35 ಯೂರೋ ಆಸುಪಾಸು, ಹೋಗಿಬರುವ ಟಿಕೆಟ್ ಒಟ್ಟಿಗೆ ಕೊಂಡರೆ ಸ್ವಲ್ಪ ಅಗ್ಗ.

ತಪ್ಪಾಗುವುದು ಟರ್ಮಿನಲ್ ವಿಷಯದಲ್ಲಿ. ಟಿ-1 ಮತ್ತು ಟಿ-2 ನಡುವೆ ಸುಮಾರು 4 ಕಿ.ಮೀ. ದೂರ. ಬಸ್ಸು ಎರಡೂ ಕಡೆ ನಿಲ್ಲುತ್ತದೆ, ಆದರೆ ಬೇರೆ ಬೇರೆ ಹೊತ್ತಿಗೆ. ನೀವು ಇಳಿಯುವ ಟರ್ಮಿನಲ್ಲನ್ನೇ ಟಿಕೆಟ್‌ನಲ್ಲಿ ಆರಿಸಿ. ತಪ್ಪಿದ್ದರೆ ಎರಡರ ನಡುವೆ ಉಚಿತ ಬಸ್ಸಿದೆ, 15–20 ನಿಮಿಷ ಲೆಕ್ಕ ಹಿಡಿಯಿರಿ.

ವಿಮಾನ ತಡವಾದರೆ ಮುಂದಿನ ಬಸ್ಸಿಗೆ ಬದಲಿಸಿಕೊಡುವ ಟಿಕೆಟ್ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ನಾಲ್ಕೈದು ಯೂರೋ ಹೆಚ್ಚಾದರೂ ಅದನ್ನೇ ಕೊಳ್ಳುವುದು ಜಾಣತನ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಶುಕ್ರವಾರ, ಭಾನುವಾರಗಳ ಸೀಟು ಬೇಗ ತುಂಬುತ್ತವೆ.

ಅಪ್ಪ ಅಮ್ಮನಿಗೆ ವಾಂತಿ, ತಲೆಸುತ್ತು ಬರುತ್ತದೆ. ದಾರಿ ಹೇಗಿದೆ?

ಬಾರ್ಸಿಲೋನಾ ದಾರಿಯ ಮೊದಲರ್ಧ ನೇರ ಹೆದ್ದಾರಿ, ಕೊನೆಯ ಒಂದು ಗಂಟೆ ಮಾತ್ರ ತಿರುವು. ಆಗುಂಬೆಯಂಥ ಹೇರ್‌ಪಿನ್ ತಿರುವುಗಳಲ್ಲ, ನದಿ ಬಾಗಿದಂತೆ ಬಾಗುವ ದಾರಿ. ಮುಂದಿನ ಸೀಟು ಕಾಯ್ದಿರಿಸಿ, ವೈದ್ಯರು ಹೇಳಿದ ಮಾತ್ರೆಯನ್ನು ಲಾ ಸೆಯು ಹತ್ತಿರ ಬಂದಮೇಲಲ್ಲ, ಬಸ್ಸು ಹತ್ತುವ ಮುಂಚೆಯೇ ಕೊಡಿ.

ಎತ್ತರದ ಬಗ್ಗೆ ಭಯ ಬೇಡ. ರಾಜಧಾನಿ 1,023 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರಿಗಿಂತ ಬರೀ ನೂರು ಮೀಟರ್ ಹೆಚ್ಚು. ಫ್ರಾನ್ಸ್ ದಾರಿಯ ಎನ್ವಲೀರಾ ಘಾಟಿ 2,408 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ಸುಮಾರು 480 ಮೀಟರ್ ಮೇಲೆ. ಉಸಿರಿನ ತೊಂದರೆ ಇರುವವರು ಆ ದಾರಿ ಬಿಡುವುದು ಒಳಿತು.

## ಕಾರು

ಬಾಡಿಗೆ ಕಾರಿನಲ್ಲಿ ಹೋಗೋಣ ಅಂತಿದ್ದೇವೆ. ಏನೇನು ಬೇಕು?

ಮೊದಲು, ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಪಾಸ್‌ಪೋರ್ಟ್, ವೀಸಾ, ಚಾಲ್ತಿಯಲ್ಲಿರುವ ಡಿಎಲ್ ಜೊತೆ ಫಾರಂ 4ಎ ಸಲ್ಲಿಸಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಕಾರು ಪಡೆಯುವಾಗ ಇದನ್ನೂ ಮೂಲ ಡಿಎಲ್ಲನ್ನೂ ತೋರಿಸಬೇಕು. ಕ್ರೆಡಿಟ್ ಕಾರ್ಡ್ ಚಾಲಕನ ಹೆಸರಿನಲ್ಲೇ ಇರಬೇಕು. ಡೆಬಿಟ್ ಕಾರ್ಡ್ ಹಿಡಿದುಕೊಂಡು ಹೋಗಿ ಕೌಂಟರ್‌ನಿಂದ ಬರಿಗೈಲಿ ಮರಳಿದವರು ಕಡಿಮೆಯಿಲ್ಲ.

ಎರಡನೆಯದು, ಕಾರನ್ನು ಅಂಡೋರಾಕ್ಕೆ ಒಯ್ಯಲು ಲಿಖಿತ ಒಪ್ಪಿಗೆ. ಯೂರೋಪಿಯನ್ ಒಕ್ಕೂಟಕ್ಕೆಲ್ಲ ಅನುಮತಿ ಇದೆ ಎಂದರೆ ಅಂಡೋರಾ ಅದರಲ್ಲಿ ಬರುವುದಿಲ್ಲ. ಗಡಿ ದಾಟುವ ಶುಲ್ಕ ಕಟ್ಟಿ, ಒಪ್ಪಂದದ ಕಾಗದದಲ್ಲಿ ಅಂಡೋರಾ ಎಂಬ ಹೆಸರೇ ಬರುವಂತೆ ನೋಡಿಕೊಳ್ಳಿ. ಒಪ್ಪಿಗೆಯಿಲ್ಲದೆ ಹೋದರೆ ಅಪಘಾತವಾದಾಗ ವಿಮೆ ಕೈಬಿಡುತ್ತದೆ.

ಸಿ-16 ಹಿಡಿಯಲಾ, ಸಿ-14 ಹಿಡಿಯಲಾ?

ಬಾರ್ಸಿಲೋನಾದಿಂದ ಸಿ-16ರಲ್ಲಿ ಮನ್ರೇಸಾ, ಬೆರ್ಗಾ ದಾಟಿ, 5 ಕಿ.ಮೀ. ಉದ್ದದ ಕಾದಿ ಸುರಂಗ ಹೊಕ್ಕು, ಎನ್-260ರಲ್ಲಿ ಲಾ ಸೆಯುಗೆ ಬರಬಹುದು. ನೋಟ ಚೆನ್ನ, ಆದರೆ ವಾಲ್ವಿದ್ರೇರಾ ಸುರಂಗ, ಮನ್ರೇಸಾ ಹೆದ್ದಾರಿ, ಕಾದಿ ಸುರಂಗ ಮೂರಕ್ಕೂ ಟೋಲ್. ಇನ್ನೊಂದು ಎ-2 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ಪೊನ್ಸ್ ಕಡೆಗೆ ತಿರುಗಿ, ಸಿ-14ರಲ್ಲಿ ಒಲಿಯಾನಾ, ಒರ್ಗಾನ್ಯಾ ಮೂಲಕ ಲಾ ಸೆಯು ಸೇರುವ ದಾರಿ. ಟೋಲ್ ಇಲ್ಲ, ಏರಿಳಿತ ಕಡಿಮೆ, ಸ್ವಲ್ಪ ಹೆಚ್ಚು ಹೊತ್ತು. ವಾರಾಂತ್ಯದಲ್ಲಿ ಬಾರ್ಸಿಲೋನಾದ ಜನ ಸಿ-16ರಲ್ಲೇ ತುಂಬಿಕೊಳ್ಳುವುದರಿಂದ ಆಗ ಸಿ-14ನ್ನೇ ಆರಿಸಿ.

ಚಳಿಗಾಲದಲ್ಲಿ ಓಡಿಸಬಹುದಾ? ನಾನು ಹಿಮದಲ್ಲಿ ಓಡಿಸಿಲ್ಲ.

ಓಡಿಸಿಲ್ಲದಿದ್ದರೆ ಬಸ್ಸಿನಲ್ಲಿ ಹೋಗಿ. ಇದರಲ್ಲಿ ಎರಡು ಮಾತಿಲ್ಲ.

ಓಡಿಸಿ ಗೊತ್ತಿರುವವರು ನಿಯಮ ತಿಳಿದಿರಲಿ: ಅಂಡೋರಾದಲ್ಲಿ ನವೆಂಬರ್ 1ರಿಂದ ಮೇ 15ರವರೆಗೆ ಚಳಿಗಾಲದ ಟೈರು ಇರಬೇಕು, ಇಲ್ಲವಾದರೆ ಹಿಮದ ಸರಪಳಿ ಕಾರಿನಲ್ಲಿರಬೇಕು. ಫ್ರಾನ್ಸಿನ ಪರ್ವತ ಜಿಲ್ಲೆಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಇಂಥದೇ ಕಾನೂನಿದೆ. ಬಾರ್ಸಿಲೋನಾದ ಬಾಡಿಗೆ ಕಾರುಗಳಿಗೆ ಸಾಮಾನ್ಯವಾಗಿ ಬೇಸಿಗೆ ಟೈರೇ ಇರುತ್ತದೆ. ಸರಪಳಿ ಕೇಳಿ ಪಡೆಯಿರಿ; ಡಬ್ಬದ ಮೇಲಿನ ಅಳತೆ ಟೈರಿನ ಪಕ್ಕೆಯ ಮೇಲೆ ಬರೆದಿರುವ ಅಳತೆಗೆ ಹೊಂದುತ್ತದೆಯೇ ಎಂದು ಅಲ್ಲೇ ತಾಳೆ ನೋಡಿ. ಬಿಸಿಲಿನಲ್ಲಿ, ಪಾರ್ಕಿಂಗ್‌ನಲ್ಲಿ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿ. ಸರಪಳಿ ಹಾಕಬೇಕಾದದ್ದು ಇಂಜಿನ್ ತಿರುಗಿಸುವ ಚಕ್ರಗಳಿಗೆ, ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನವು. ಸ್ವಲ್ಪ ದೂರ ಸಾಗಿದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು, ಸಡಿಲವಾದ ಸರಪಳಿ ಬ್ರೇಕಿನ ಪೈಪಿಗೆ ಸಿಕ್ಕಿಕೊಳ್ಳುತ್ತದೆ. ವೇಗ 30ರಿಂದ 40 ಕಿ.ಮೀ. ಮೀರಬಾರದು. ಹಿಮವಿಲ್ಲದ ಡಾಂಬರು ಸಿಕ್ಕ ಕೂಡಲೇ ಬಿಚ್ಚಿಬಿಡಿ.

ರಸ್ತೆಯ ಸ್ಥಿತಿಗೆ ಬಣ್ಣದ ಸಂಕೇತವಿದೆ: ಕೆಂಪು ಎಂದರೆ ಸರಪಳಿ ಅಥವಾ ಚಳಿಗಾಲದ ಟೈರು ಇಲ್ಲದೆ ಹೋಗುವಂತಿಲ್ಲ, ಕಪ್ಪು ಎಂದರೆ ರಸ್ತೆ ಬಂದ್. ಅಂಡೋರಾದ ಸಂಚಾರ ಇಲಾಖೆ 'ಮೊಬಿಲಿಟಾಟ್' ಪ್ರಕಟಿಸುವ ಮಾಹಿತಿಯನ್ನು ಹೊರಡುವ ಬೆಳಿಗ್ಗೆ ನೋಡಿ.

ಎನ್ವಲೀರಾ ಸುರಂಗವಿದೆಯಲ್ಲ, ಆಮೇಲೆ ಫ್ರಾನ್ಸ್ ದಾರಿಗೆ ಭಯವೇಕೆ?

2002ರಲ್ಲಿ ತೆರೆದ ಆ ಸುರಂಗ ಸುಮಾರು 3 ಕಿ.ಮೀ. ಉದ್ದ, ಟೋಲ್ ಇದೆ. ಘಾಟಿಯ ನೆತ್ತಿಯನ್ನು ಅದು ತಪ್ಪಿಸುತ್ತದೆ. ಆದರೆ ಹಿಮಪಾತದ ಭಯ ಹೆಚ್ಚಿರುವುದು ಸುರಂಗಕ್ಕೂ ಮುಂಚಿನ ಫ್ರಾನ್ಸಿನ ಎನ್-22 ರಸ್ತೆಯಲ್ಲಿ. ಅದನ್ನು ಮುಚ್ಚಿದರೆ ಸುರಂಗ ತೆರೆದಿದ್ದೂ ಪ್ರಯೋಜನವಿಲ್ಲ.

ದಕ್ಷಿಣದ ದಾರಿಯೂ ಅಭೇದ್ಯವೇನಲ್ಲ. 2019ರ ಆಗಸ್ಟ್‌ನಲ್ಲಿ ಸಂತ್ ಜುಲಿಯಾ ಹತ್ತಿರ ಗುಡ್ಡ ಕುಸಿದು ಸ್ಪೇನ್ ಕಡೆಯ ಮುಖ್ಯ ರಸ್ತೆ ಕಟ್ಟಿಹೋಗಿತ್ತು, ಅದೂ ನಡುಬೇಸಿಗೆಯಲ್ಲಿ.

## ಅಲ್ಲಿ ಇಳಿದ ಮೇಲೆ

ಒಳಗೆ ಓಡಾಡಲು ಕಾರು ಬೇಕೇ ಬೇಕಾ?

ಕಣಿವೆಯ ಊರುಗಳಿಗಷ್ಟೇ ಆದರೆ ಬೇಡ. ರಾಜಧಾನಿಯಿಂದ ಎಲ್-1ರಿಂದ ಎಲ್-6ರವರೆಗಿನ ಬಸ್ಸುಗಳು ಕಣಿವೆಗೊಂದರಂತೆ ಹರಡಿಕೊಂಡಿವೆ: ಎಲ್-1 ಸಂತ್ ಜುಲಿಯಾ ಕಡೆ, ಎಲ್-4 ಪಾಸ್ ದೆ ಲಾ ಕಾಸಾಕ್ಕೆ, ಎಲ್-5 ಲಾ ಮಸ್ಸಾನಾ ಮತ್ತು ಅರಿನ್ಸಾಲ್‌ಗೆ, ಎಲ್-6 ಒರ್ದಿನೋಗೆ. ಬಸ್ಸು ಉಚಿತ ಎಂದು ಓದಿರಬಹುದು. ಅದು ಅಲ್ಲಿನ ನಿವಾಸಿಗಳಿಗೆ ಮಾತ್ರ, ಪ್ರವಾಸಿಗರು ಟಿಕೆಟ್ ಕೊಳ್ಳಬೇಕು. ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ, ದೊಡ್ಡ ನೋಟು ಕೊಟ್ಟರೆ ಚಾಲಕ ಒಪ್ಪುವುದಿಲ್ಲ.

ಕನಿಲ್ಲೋದ 603 ಮೀಟರ್ ಉದ್ದದ ತೂಗುಸೇತುವೆಗೆ ಸ್ವಂತ ಕಾರಿದ್ದರೂ ಊರಿನಿಂದ ಹೊರಡುವ ವಿಶೇಷ ಬಸ್ಸಿನಲ್ಲೇ ಹೋಗಬೇಕು, ಸೇತುವೆ ಟಿಕೆಟ್‌ನಲ್ಲಿ ಸಮಯ ನಿಗದಿಯಾಗಿರುತ್ತದೆ. ಎನ್ಕಾಂಪ್‌ನಿಂದ ಫುನಿಕಾಂಪ್ ತೂಗುತೊಟ್ಟಿಲು (ರೋಪ್‌ವೇ) ಸುಮಾರು 6 ಕಿ.ಮೀ. ದೂರ ಬೆಟ್ಟದ ಮೇಲಕ್ಕೆ ಒಯ್ಯುತ್ತದೆ. ಯುನೆಸ್ಕೋ 2004ರಲ್ಲಿ ಗುರುತಿಸಿದ ಮದ್ರಿಯು ಕಣಿವೆಗೆ ವಾಹನದ ದಾರಿಯೇ ಇಲ್ಲ, ನಡೆದೇ ಹೋಗಬೇಕು. ಹಾಗೇ ಇರಲಿ ಎನ್ನಿಸುವಷ್ಟು ಚೆಂದದ ಜಾಗ.

ಮೇಲಿನ ಸರೋವರಗಳು, ಮುಂಜಾನೆಯ ಚಾರಣಕ್ಕೆ ಕಾರು ಉಪಯೋಗ. ಇಡೀ ಪ್ರವಾಸಕ್ಕೆ ಬಾಡಿಗೆ ಹಿಡಿಯುವ ಬದಲು ಅಂಡೋರಾದಲ್ಲೇ ಒಂದೆರಡು ದಿನಕ್ಕೆ ಪಡೆದರೆ ಚಳಿಗಾಲದ ಟೈರಿನ ಸಮಸ್ಯೆಯೂ ತೀರುತ್ತದೆ.

ಸ್ಪೇನಿನ ಸಿಮ್ ಅಲ್ಲಿ ನಡೆಯುತ್ತಾ?

ನಡೆಯುತ್ತದೆ, ಬಿಲ್ಲು ಕಂಡಾಗ ಎದೆ ನಡುಗುತ್ತದೆ. ಯೂರೋಪಿಯನ್ ಒಕ್ಕೂಟದ ಉಚಿತ ರೋಮಿಂಗ್ ಅಂಡೋರಾಕ್ಕಿಲ್ಲ. ಭಾರತೀಯ ಕಂಪನಿಯ ಯೂರೋಪ್ ಪ್ಯಾಕ್ ಇದ್ದರೆ ದೇಶಗಳ ಪಟ್ಟಿಯಲ್ಲಿ ಅಂಡೋರಾ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಲಾ ಸೆಯು ದಾಟುವ ಮುಂಚೆಯೇ ಡೇಟಾ ರೋಮಿಂಗ್ ಆಫ್ ಮಾಡಿ. ಗಡಿಯ ಈಚೆಯೇ ಫೋನು ಆಚೆಯ ಟವರ್ ಹಿಡಿದುಬಿಡಬಹುದು. ಮ್ಯಾಪ್, ಬಸ್ ಟಿಕೆಟ್, ಹೋಟೆಲ್ ವಿಳಾಸ ಮೊದಲೇ ಇಳಿಸಿಕೊಂಡಿರಿ. ದೇಶದ ಏಕೈಕ ಸೇವೆ ಅಂಡೋರಾ ಟೆಲಿಕಾಂ. ತುರ್ತು ಕರೆಗೆ 112.

ಕತಲಾನ್ ಬರುವುದಿಲ್ಲ. ದಾರಿ ಫಲಕ ಓದುವುದು ಹೇಗೆ?

ಸ್ಪ್ಯಾನಿಷ್, ಫ್ರೆಂಚ್ ಎಲ್ಲೆಡೆ ನಡೆಯುತ್ತದೆ, ಹೋಟೆಲುಗಳಲ್ಲಿ ಇಂಗ್ಲಿಷೂ. ಫಲಕಗಳಿಗೆ ಇಷ್ಟು ಸಾಕು: "ಸುರ್ತಿದಾ" ಎಂದರೆ ನಿರ್ಗಮನ, "ಅರ್ರಿಬಾದಾ" ಆಗಮನ, "ದುವಾನಾ" ಸುಂಕದ ಕಟ್ಟೆ, "ನೆಯು" ಹಿಮ, "ಕದೇನಸ್" ಸರಪಳಿ, "ತಲ್ಯಾತ್" ರಸ್ತೆ ಬಂದ್. ಟಿಕೆಟ್ ಕೇಳುವಾಗ "ಅನಾದಾ ಇ ತುರ್ನಾದಾ" ಎಂದರೆ ಹೋಗಿಬರುವುದಕ್ಕೆ.

## ಮರಳುವಾಗ

ಎಷ್ಟು ಸಾಮಾನು ತರಬಹುದು?

ಅಂಡೋರಾದ ಮಾರಾಟ ತೆರಿಗೆ 4.5%, ಸ್ಪೇನಿನಲ್ಲಿ 21%. ಗಡಿಯಲ್ಲಿ ಬ್ಯಾಗು ಬಿಚ್ಚಿಸುವುದು ಈ ಅಂತರಕ್ಕಾಗಿ. ವಯಸ್ಕರೊಬ್ಬರಿಗೆ 300 ಸಿಗರೇಟು, 22 ಡಿಗ್ರಿಗಿಂತ ಕಡುವಾದ ಮದ್ಯ ಒಂದೂವರೆ ಲೀಟರ್, ವೈನ್ 5 ಲೀಟರ್, ಬಟ್ಟೆ–ಕ್ಯಾಮೆರಾದಂಥ ತಯಾರಿಕಾ ವಸ್ತು 900 ಯೂರೋವರೆಗೆ ಸುಂಕವಿಲ್ಲದೆ ತರಬಹುದು. ಒಂದೇ ವಸ್ತು 1,200 ಯೂರೋ ಆದರೆ ಅದನ್ನು ಇಬ್ಬರ ಹೆಸರಿಗೆ ಹಂಚುವಂತಿಲ್ಲ. ರಸೀದಿ ಕೈಗೆ ಸಿಗುವಂತಿರಲಿ. ಭಾರತದಿಂದಲೇ ತಂದ ದುಬಾರಿ ಕ್ಯಾಮೆರಾಕ್ಕೆ ಹಳೇ ಬಿಲ್ಲಿನ ಫೋಟೋ ಫೋನಿನಲ್ಲಿದ್ದರೆ ವಾದ ಬೆಳೆಯುವುದಿಲ್ಲ.

ಇದು ಸ್ಪೇನ್–ಫ್ರಾನ್ಸ್ ಗಡಿಯ ಲೆಕ್ಕ. ಬೆಂಗಳೂರಿನಲ್ಲಿ ಇಳಿದಾಗ ಭಾರತದ ಮಿತಿ ಬೇರೆ: ಮದ್ಯ 2 ಲೀಟರ್, ಸಿಗರೇಟು 100.

ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಹೊರಬರಬಹುದಾ?

ಧಾರಾಳವಾಗಿ. ಬಾರ್ಸಿಲೋನಾ, ಅಂಡೋರಾ, ಟುಲೂಸ್, ಪ್ಯಾರಿಸ್ ಎಂಬ ಸಾಲು ಬೇಸಿಗೆಗೆ ಸೊಗಸು. ಬಂದ ದಾರಿಯಲ್ಲೇ ಮರಳುವುದು ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಒಳ್ಳೆಯ ಕಾಲ. ಬಾಡಿಗೆ ಕಾರನ್ನು ಬೇರೆ ದೇಶದಲ್ಲಿ ಒಪ್ಪಿಸಿದರೆ ಭಾರಿ ಶುಲ್ಕ ಹಾಕುತ್ತಾರೆ, ಆದ್ದರಿಂದ ಇದನ್ನು ಬಸ್ಸಿನಲ್ಲೇ ಮಾಡಿ.

ವಾಪಸ್ ವಿಮಾನಕ್ಕೆ ಎಷ್ಟು ಮುಂಚೆ ಹೊರಡಬೇಕು?

ಬಾರ್ಸಿಲೋನಾದಿಂದ ಅಂತರರಾಷ್ಟ್ರೀಯ ವಿಮಾನವಿದ್ದರೆ ಅದಕ್ಕೆ ಏಳು ಗಂಟೆ ಮುಂಚಿನ ಬಸ್ಸು ಹಿಡಿಯಿರಿ: ಮೂರೂವರೆ ಗಂಟೆ ದಾರಿ, ಅರ್ಧ ಗಂಟೆ ಗಡಿ, ಮೂರು ಗಂಟೆ ವಿಮಾನ ನಿಲ್ದಾಣ. ಭಾನುವಾರ ಮಧ್ಯಾಹ್ನದ ಮೇಲೆ ಸ್ಪೇನ್ ಗಡಿಯಲ್ಲಿ ಕಾರುಗಳ ಸಾಲು ಸಂತ್ ಜುಲಿಯಾವರೆಗೂ ಬೆಳೆಯುವುದುಂಟು. ಸ್ಪೇನಿನ ಡಿಸೆಂಬರ್ 6 ಮತ್ತು 8ರ ರಜೆ, ಈಸ್ಟರ್ ವಾರದ ಕೊನೆಯಲ್ಲಂತೂ ಇನ್ನೂ ಎರಡು ಗಂಟೆ ಕೂಡಿಸಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೆಳಗಿನ ವಿಮಾನವಿದ್ದರೆ ಹಿಂದಿನ ದಿನ ಸಂಜೆಗೇ ಬಾರ್ಸಿಲೋನಾ ಸೇರಿ ರಾತ್ರಿ ಅಲ್ಲೇ ಉಳಿಯಿರಿ. ಟುಲೂಸ್ ಕಡೆಯಿಂದ ಹಾರುವವರು ಚಳಿಗಾಲದಲ್ಲಿ ಯಾವ ಹೊತ್ತಿನ ವಿಮಾನವಾದರೂ ಹೀಗೇ ಮಾಡಬೇಕು. ಅಲ್ಲಿ ಎನ್-22 ಮುಚ್ಚಿದರೆ ದಕ್ಷಿಣಕ್ಕಿಳಿದು, ಸ್ಪೇನಿನ ಪುಚ್ಚೆರ್ದಾ ಕಡೆ ಸುತ್ತಿಕೊಂಡು ಬರಬೇಕಾಗುತ್ತದೆ, ಅದಕ್ಕೆ ಅರ್ಧ ದಿನವೇ ಬೇಕು.